ದಾನವಾದ ಅಂಗಕ್ಕೆ ದಾರಿ



ಅನ್ನದಾನ, ವಿದ್ಯಾದಾನಗಳ ಮಹಿಮೆಯನ್ನು ಕೇಳುತ್ತ ಬೆಳೆದ ನಿಮಗೆ ಅಂಗದಾನವೆಂಬುದು ಈಗ ಹೊಸ ಮಾತಲ್ಲ. 1994ರಲ್ಲಿಯೇ ದೇಶದಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂದಿತು. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ ದಾನಿಗೂ ರೋಗಿಗೂ ನಡುವೆ ಕೊಂಡಿಯಾಗಿ ಕೆಲಸ ಮಾಡುತ್ತಿದೆ. ಆದರೆ ದಾನವಾದ ಅಂಗವು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗುವ ದಾರಿಯ ವಿಚಾರವನ್ನು ನಾವು ಅಷ್ಟಾಗಿ ಯೋಚಿಸಿದವರಲ್ಲ.

2025ರ ಆಗಸ್ಟ್ 1ರ ರಾತ್ರಿ ವೈಟ್‌ಫೀಲ್ಡಿನ ವೈದೇಹಿ ಆಸ್ಪತ್ರೆಯಿಂದ ಹೊರಟ ಒಂದು ಯಕೃತ್ತು, ಅಂದರೆ ಪಿತ್ತಜನಕಾಂಗ, ರಾಜರಾಜೇಶ್ವರಿ ನಗರದ ಸ್ಪರ್ಶ್ ಆಸ್ಪತ್ರೆಯನ್ನು ಸೇರಬೇಕಾಗಿತ್ತು. ಅದನ್ನು ಒಯ್ದದ್ದು ಮೆಟ್ರೋ ರೈಲು. 8 ಗಂಟೆ 42 ನಿಮಿಷಕ್ಕೆ ಹೊರಟು 9 ಗಂಟೆ 48 ನಿಮಿಷಕ್ಕೆ ತಲುಪಿತು. ನಮ್ಮ ಮೆಟ್ರೋದಲ್ಲಿ ಅಂಗ ಸಾಗಿದ್ದು ಅದೇ ಮೊದಲು. ಆ ರೈಲು ಹಾದುಹೋಗುವುದು ಕೃಷ್ಣರಾಜಪುರ, ಇಂದಿರಾನಗರ, ಹಲಸೂರುಗಳ ಮೇಲೆಯೇ. ಕೆಳಗಿನ ಹಳೆಯ ಮದ್ರಾಸು ರಸ್ತೆಯನ್ನು ವೈದ್ಯರು ನಂಬಲಿಲ್ಲವೆಂದರೆ ಆ ರಸ್ತೆಯನ್ನು ಬಳಸುವ ನಾವೆಲ್ಲರೂ ಒಂದು ಕ್ಷಣ ತಲೆತಗ್ಗಿಸಬೇಕು. ತೆಗೆದ ಯಕೃತ್ತನ್ನು ಹನ್ನೆರಡು ಗಂಟೆಯವರೆಗೆ ಕಾಪಾಡಬಹುದು. ಹೃದಯಕ್ಕೆ ನಾಲ್ಕರಿಂದ ಆರು ಗಂಟೆಯಷ್ಟೇ ಅವಕಾಶ.

ಒಮ್ಮೆ ಟಿನ್ ಫ್ಯಾಕ್ಟರಿಯ ಬಳಿ ನಮ್ಮ ವಾಹನವೂ ನೂರಾರು ವಾಹನಗಳ ನಡುವೆ ನಿಂತಿತ್ತು. ಹಿಂದೆ ಸೈರನ್ ಕೂಗುತ್ತಿತ್ತು. ನಮ್ಮ ಚಾಲಕ ಕನ್ನಡಿಯಲ್ಲಿ ನೋಡಿ, "ಖಾಲಿ ಗಾಡಿ ಬುದ್ಧೀ, ಒಳಗೆ ಯಾರೂ ಮಲಗಿಲ್ಲ" ಎಂದ. ನಾವೂ ಹೌದೆಂದು ಸುಮ್ಮನಾದೆವು. ಖಾಲಿ ಆಂಬುಲೆನ್ಸುಗಳೂ ಸೈರನ್ ಹಾಕುತ್ತವೆಂಬ ದೂರು ಎಲ್ಲರ ಬಾಯಲ್ಲಿ ಇದ್ದದ್ದೇ. ಕೊನೆಗೆ ಆ ವಾಹನ ಪಕ್ಕಕ್ಕೆ ಬಂದಾಗ ಒಳಗೆ ಇಬ್ಬರು ಕುಳಿತು ನಡುವೆ ಒಂದು ಪೆಟ್ಟಿಗೆಯನ್ನು ಹಿಡಿದುಕೊಂಡಿದ್ದರು. ಅದರಲ್ಲಿ ಏನಿತ್ತೋ ನಾವರಿಯೆವು. ಆದರೆ ಆ ನಾಲ್ಕೈದು ನಿಮಿಷ ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಕಾನೂನು ಏನೆನ್ನುತ್ತದೆ? 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194-ಇ ಎಂಬ ಕಲಮು ಸೇರಿತು. ಅಗ್ನಿಶಾಮಕ ವಾಹನ, ಆಂಬುಲೆನ್ಸು, ಇಲ್ಲವೆ ರಾಜ್ಯ ಸರ್ಕಾರ ಸೂಚಿಸುವ ಇತರ ತುರ್ತು ವಾಹನ ಬಂದಾಗ ಪಕ್ಕಕ್ಕೆ ಸರಿಯದವನಿಗೆ ಆರು ತಿಂಗಳವರೆಗೆ ಸೆರೆವಾಸ, ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ ಎಂದು ಅದು ಹೇಳುತ್ತದೆ. ಅಂಗ ಒಯ್ಯುವ ವಾಹನವೆಂದು ಕಲಮಿನಲ್ಲಿ ಹೆಸರಿಲ್ಲ. ಅಂಗವನ್ನು ಆಂಬುಲೆನ್ಸಿನಲ್ಲಿಯೇ ಒಯ್ದರೆ ತೊಡಕಿಲ್ಲ. ವೈದ್ಯರ ಸ್ವಂತ ಕಾರಿನಲ್ಲಿ ಒಯ್ದರೆ ಏನು? ಬ್ರಿಟನ್ನಿನವರು 1989ರ ವಾಹನ ದೀಪಗಳ ನಿಯಮದಲ್ಲಿಯೇ ಕಸಿಗಾಗಿ ಮಾನವ ಅಂಗಾಂಶ ಒಯ್ಯುವ ವಾಹನವನ್ನು ತುರ್ತು ವಾಹನಗಳ ಸಾಲಿಗೆ ಸೇರಿಸಿದರು. ನಮ್ಮಲ್ಲಿ ಅದಕ್ಕೆ ದೆಹಲಿಯವರೆಗೆ ಹೋಗಬೇಕಾಗಿಲ್ಲ. "ರಾಜ್ಯ ಸರ್ಕಾರ ಸೂಚಿಸುವ" ಎಂಬ ಮಾತಿನಲ್ಲಿಯೇ ವಿಧಾನಸೌಧಕ್ಕೆ ಅಧಿಕಾರವಿದೆ. ಅಂಗದ ಪೆಟ್ಟಿಗೆ ಯಾವ ವಾಹನದಲ್ಲಿದ್ದರೂ ಅದು ತುರ್ತು ವಾಹನವೆಂದು ಸ್ಪಷ್ಟ ಮಾತಿನಲ್ಲಿ ಆಜ್ಞೆಯಾಗಲಿ, ಅದರ ಜೊತೆಗೆ ಸುಳ್ಳು ಸೈರನ್ ಹಾಕುವವನಿಗೂ ಅಷ್ಟೇ ಬಿಗಿಯಾದ ಶಿಕ್ಷೆಯಾಗಲಿ ಎಂಬುದು ನಮ್ಮ ಅಭಿಪ್ರಾಯ. ಸುಳ್ಳು ಸೈರನ್ನು ನಿಜವಾದ ಸೈರನ್ನಿನ ಮಾನ ಕಳೆಯುತ್ತದೆ.

ಪೊಲೀಸರು ರಸ್ತೆ ತೆರವು ಮಾಡಿಸುವ ಹಸಿರು ಪಥದ ವ್ಯವಸ್ಥೆಯಿದೆ. 2014ರ ಸೆಪ್ಟೆಂಬರಿನಲ್ಲಿ ಕೆಂಗೇರಿಯ ಆಸ್ಪತ್ರೆಯಿಂದ ಹೊರಟ ಹೃದಯವು ಹೀಗೆಯೇ ವಿಮಾನ ನಿಲ್ದಾಣ ಸೇರಿ ಚೆನ್ನೈ ಮುಟ್ಟಿತು. ಪ್ರತಿ ನಗರದಲ್ಲಿ ಇದಕ್ಕೊಬ್ಬ ಪೊಲೀಸ್ ಅಧಿಕಾರಿಯನ್ನು ಗೊತ್ತುಮಾಡಬೇಕೆಂದು ಕೇಂದ್ರವು 2024ರ ಆಗಸ್ಟಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿ ಒಳ್ಳೆಯದೇ, ಆದರೆ ಅದು ಕಾನೂನಲ್ಲ.

ಇನ್ನು ನಮ್ಮ ಮನೆಯ ಮಾತು. ಹಲಸೂರಿನ ಪಲ್ಲಕ್ಕಿ, ಶಿವಾಜಿನಗರದ ಮೇರಿಯಮ್ಮನ ತೇರು, ಎಲ್ಲವೂ ಬೀದಿಯಲ್ಲಿಯೇ ನಡೆಯುತ್ತವೆ. ನಮ್ಮ ಪರಂಪರೆಯ ಅಡ್ಡಪಲ್ಲಕ್ಕಿಯಂತೂ ಹೆಸರೇ ಹೇಳುವಂತೆ ರಸ್ತೆಗೆ ಅಡ್ಡಲಾಗಿ ಸಾಗುವುದು. ಒಂದು ಸೈಕಲ್ಲಿಗೂ ಎಡೆಯಿರುವುದಿಲ್ಲ. ಪಲ್ಲಕ್ಕಿ ಮೋಟಾರು ವಾಹನವಲ್ಲವಾದ್ದರಿಂದ 194-ಇ ಅದಕ್ಕೆ ತಗಲುವುದಿಲ್ಲವೆಂದು ವಕೀಲರಾದ ಭಕ್ತರೊಬ್ಬರು ನಗುತ್ತ ಹೇಳಿದರು. ನಮಗೆ ನಗು ಬರಲಿಲ್ಲ. ಮುಂದಿನ ಉತ್ಸವದಲ್ಲಿ ಸೈರನ್ ಕೇಳಿದೊಡನೆ ಪಲ್ಲಕ್ಕಿಯನ್ನು ಉದ್ದಕ್ಕೆ ತಿರುಗಿಸಿ, ವಾದ್ಯ ನಿಲ್ಲಿಸಿ, ಒಂದು ಮಗ್ಗುಲಿಗೆ ಸರಿಯಬೇಕೆಂದು ಹೊರುವವರಿಗೆ ಈಗಲೇ ಅಪ್ಪಣೆ ಕೊಡಿಸಿದ್ದೇವೆ.