ಅಜ್ಜಿಯೂ ನಮ್ಮ ಟೀಮಿನಲ್ಲಿರಲಿ

ವಯಸ್ಸಾದವರು ಬಿದ್ದರೆ ಮನೆಯವರ ಮೊಬೈಲ್‌ಗೆ ಮೆಸೇಜ್ ಕಳಿಸುವ ಕೈಪಟ್ಟಿ. ಇದು ನಮ್ಮ ಮಿನಿ ಪ್ರಾಜೆಕ್ಟ್. ಟೀಮಿನ ನಾಲ್ವರೂ ಎಲೆಕ್ಟ್ರಾನಿಕ್ಸ್‌ನವರೇ. ಲ್ಯಾಬಿನಲ್ಲಿ ಹಾಸಿಗೆ ಮೇಲೆ ನಾವೇ ಬಿದ್ದು ಪರೀಕ್ಷಿಸಿದೆವು. ಒಳ್ಳೆಯ ಅಂಕವೂ ಬಂತು.

ಅದನ್ನು ನರಸಾಪುರದ ಮನೆಗೆ ತಂದು ಅಜ್ಜಿಯ ಕೈಗೆ ಕಟ್ಟಿದೆ. ಅವರೆಕಾಯಿ ಸುಲಿಯಲು ಅಜ್ಜಿ ನೆಲದ ಮೇಲೆ ಧೊಪ್ಪನೆ ಕುಳಿತರೆ ಸಾಕು, ಅದು ಕಿರುಚುತ್ತಿತ್ತು. 'ಇದೇನೋ ಮಗ, ಕುಂತ್ರೂ ಕೂಗುತ್ತೆ' ಎಂದು ಬಿಚ್ಚಿ ಗೂಡಿನಲ್ಲಿಟ್ಟರು. ಅದೇ ವಾರ ರಾತ್ರಿ ಬಚ್ಚಲಿಗೆ ಹೋಗುವಾಗ ಹೊಸ್ತಿಲು ಎಡವಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ನರ್ಸಿಂಗ್ ಓದುತ್ತಿರುವ ಚಿಕ್ಕಮ್ಮನ ಮಗಳು ಕೇಳಿದ್ದು ಒಂದೇ ಪ್ರಶ್ನೆ: 'ಅಜ್ಜಿ ಎಲ್ಲಿ, ಯಾವ ಹೊತ್ತಿನಲ್ಲಿ ಬೀಳ್ತಾರೆ ಅಂತ ನೋಡಿದ್ಯಾ?' ನಾಲ್ವರಲ್ಲಿ ಯಾರೂ ನೋಡಿರಲಿಲ್ಲ. ಮಲಗಿದ್ದವರು ಥಟ್ಟನೆ ಎದ್ದರೆ ಬಿ.ಪಿ. ಇಳಿದು ತಲೆ ಸುತ್ತಬಹುದು ಎಂದೂ ಅವಳೇ ಹೇಳಿದಳು. ಗಾರೆ ಮೇಸ್ತ್ರಿ ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಪೈಪ್ ಕೂರಿಸಿದರು. ಎಷ್ಟು ಎತ್ತರಕ್ಕೆ ಎಂದು ತೋರಿಸಿದ್ದು ಅಜ್ಜಿ. ಕಾಲಿಟ್ಟೊಡನೆ ಹೊತ್ತುವ ಸೆನ್ಸರ್ ದೀಪ ಮಾತ್ರ ನಮ್ಮದು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 60 ದಾಟಿದವರು ಶೇ 9.5. ನಮ್ಮೂರಿನ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್‌ಗೆ ಹೋಗುವವರ ಎಷ್ಟೋ ಮನೆಗಳಲ್ಲಿ ಹಗಲು ಹಿರಿಯರಷ್ಟೇ ಇರುತ್ತಾರೆ. ಅವರಿಗೆ ಬೇಕಾದ ಸಾಧನವನ್ನು ಒಂದೇ ಬ್ರಾಂಚಿನವರು ಮಾಡಲಾರರು.

ನಮ್ಮದೇ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 45 ವರ್ಷ ದಾಟಿದವರ ಮಿದುಳಿನ ಆರೋಗ್ಯವನ್ನು ಅಧ್ಯಯನ ಮಾಡುತ್ತಿದೆ. 10,000 ಜನರನ್ನು ಒಳಗೊಳ್ಳುವ ಗುರಿ ಅದರದು. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲವೂ ಅದರಲ್ಲಿವೆ. ಮುಪ್ಪನ್ನು ಅರಿಯಲೇ ಇಷ್ಟು ವಿದ್ಯೆಗಳು ಬೇಕಾದರೆ, ಮುಪ್ಪಿಗೆ ನೆರವಾಗಲು ಒಂದು ಸರ್ಕ್ಯೂಟ್ ಸಾಕೇ?

ವಿಟಿಯು ಮಿನಿ ಪ್ರಾಜೆಕ್ಟ್‌ನಲ್ಲಿ ಬೇರೆ ಬೇರೆ ವಿಭಾಗದವರು ಕೂಡಿ ಕೆಲಸ ಮಾಡಲು ಅವಕಾಶವಿದೆ. ಆದರೂ ನಾವು ಪಕ್ಕದ ಬೆಂಚಿನವರನ್ನೇ ಸೇರಿಸಿಕೊಳ್ಳುತ್ತೇವೆ. ನರ್ಸಿಂಗ್, ಫಿಸಿಯೋಥೆರಪಿಯವರ ವಿಶ್ವವಿದ್ಯಾಲಯವೇ ಬೇರೆ, ಟೈಮ್‌ಟೇಬಲ್ ಹೊಂದುವುದಿಲ್ಲ, ಅಂಕ ಕೊಡುವವರು ಯಾರು ಎಂಬ ತೊಡಕುಗಳು ನಿಜ. ಕಾಲೇಜುಗಳು ಮನಸ್ಸು ಮಾಡಿದರೆ ಅವನ್ನು ಬಿಡಿಸಬಹುದು. ಕೋಲಾರದ ಟಮಕದಲ್ಲೇ ವೈದ್ಯಕೀಯ ಕಾಲೇಜಿದೆ, ದೂರವೇನಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಗೆಳೆಯರೇ, ಪ್ರಾಜೆಕ್ಟ್‌ಗೆ ಹೆಸರು ಕೊಡುವ ಮುನ್ನ ಯಾರಿಗಾಗಿ ಮಾಡುತ್ತೀರೋ ಅವರ ಮನೆಯಲ್ಲಿ ಒಂದು ಹಗಲು, ಒಂದು ರಾತ್ರಿ ಇದ್ದು ಬನ್ನಿ. ನಾವು ಅದನ್ನು ಮಾಡಿದ್ದರೆ ಅಜ್ಜಿ ಬೀಳುವ ಮೊದಲೇ ಆ ದೀಪ ಹೊತ್ತುತ್ತಿತ್ತು.