ಖಾಲಿ ತೋಟಾ ಮತ್ತೆ ತುಂಬುವ ಹುಚ್ಚು ಬೇಡ

ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ತಿಳವಳ್ಳಿ ಸುತ್ತಮುತ್ತ ರೈತರಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಹಂದಿ ಹಿಂಡು ಒಮ್ಮೆ ಹೊಲ ಹೊಕ್ಕರೆ ತಿಂದಿದ್ದಕ್ಕಿಂತ ತುಳಿದು ಕೆಡವಿದ್ದೇ ಹೆಚ್ಚು. ಹಾಗಾಗಿ ಚಹಾದಂಗಡಿಯಲ್ಲಿ ಬಂದೂಕಿನ ಮಾತು ಬರುವುದು ಹೊಸದೇನಲ್ಲ. ಆದರೆ ಈ ಸಲ ಹುಡುಗನೊಬ್ಬ ಮೊಬೈಲ್ ಹಿಡಿದು ಹೇಳಿದ್ದು ನಮ್ಮನ್ನು ಹೆದರಿಸಿತು: "ಖಾಲಿ ತೋಟಾ ಒಗೀಬ್ಯಾಡ್ರಿ, ಮನ್ಯಾಗ ಮತ್ತ ತುಂಬಬಹುದು. ಹೊಸಾದಕ್ಕಿಂತ ಒಮ್ಮೆ ಹಾರಿಸಿದ್ದರಾಗ ಗುರಿ ಪಕ್ಕಾ ಬರ್ತೈತಿ ನೋಡ್ರಿ."

ನಾವೂ ಆ ವಿಡಿಯೋ ನೋಡಿದೆವು. ಅಮೆರಿಕದವನೊಬ್ಬನದು. ಅವನು ಹೇಳಿದ್ದು ಸುಳ್ಳೇನಲ್ಲ. ರೈಫಲ್ ತೋಟಾದ ಕೊಳವೆ ಹಿತ್ತಾಳೆಯದು, ಸುಮಾರು 70 ಪಾಲು ತಾಮ್ರ, 30 ಪಾಲು ಸತುವು. ಗುಂಡು ಹಾರಿದಾಗ ಅದು ಉಬ್ಬಿ ಬಂದೂಕಿನ ಒಳಗೋಡೆಗೆ ಅಂಟಿ, ಮತ್ತೆ ಕೂದಲೆಳೆಯಷ್ಟು ಕುಗ್ಗುತ್ತದೆ. ಕಾಲಿಗೆ ಪಳಗಿದ ಚಪ್ಪಲಿಯಂತೆ ಆ ಒಂದೇ ರೈಫಲ್‌ಗೆ ಸರಿಹೊಂದುತ್ತದೆ. ಹೊಸ ಕೊಳವೆ ಯಾವ ಬಂದೂಕಿಗಾದರೂ ಹೊಂದಲಿ ಎಂದು ಮಾಡಿದ್ದು, ಸ್ವಲ್ಪ ಸಡಿಲ. ಒಳಗಿನ ಜಾಗ ಬದಲಾದರೆ ಒತ್ತಡವೂ ಬದಲಾಗುತ್ತದೆ. ಅದಕ್ಕೇ ಅಲ್ಲಿನ ಗುರಿಕಾರರು ಹೊಸದು ಹಳೆಯದು ಬೆರೆಸುವುದಿಲ್ಲ, ಕೊಳವೆ ಬದಲಾದರೆ ಮದ್ದಿನ ಅಳತೆಯನ್ನು ಕಡಿಮೆಯಿಂದ ಮತ್ತೆ ಶುರು ಮಾಡುತ್ತಾರೆ. ಮತ್ತೆ ಮತ್ತೆ ತುಂಬಿದ ಹಿತ್ತಾಳೆ ಕುತ್ತಿಗೆಯಲ್ಲಿ ಬಿರುಸಾಗಿ ಸೀಳುತ್ತದೆ. ಬುಡದ ಹತ್ತಿರ ತೆಳುವಾಗಿ ತುಂಡಾದರಂತೂ ಬಿಸಿ ಗಾಳಿ ಹಿಂದಕ್ಕೆ, ಹಾರಿಸುವವನ ಮುಖಕ್ಕೇ ನುಗ್ಗುತ್ತದೆ.

ಈಗ ನಮ್ಮ ಮನೆಗಳಲ್ಲಿ ಇರುವುದೇನು? ಬೆಳೆ ರಕ್ಷಣೆಗೆಂದು ಕೊಟ್ಟವು ಹೆಚ್ಚಾಗಿ ಕೇಪಿನ ಬಂದೂಕು, ಇಲ್ಲವೇ 12 ಬೋರಿನವು. ಇವುಗಳ ನಳಿಗೆಯಲ್ಲಿ ರೈಫಲ್‌ನಂತೆ ಸುರುಳಿ ಗೆರೆ ಇಲ್ಲ. ಹಾರುವುದು ಚರೆ, ಹೋದಂತೆ ಹರಡುತ್ತದೆ. 12 ಬೋರಿನ ತೋಟಾ ಪ್ಲಾಸ್ಟಿಕ್ ಅಥವಾ ಕಾಗದದ್ದು, ಬುಡಕ್ಕಷ್ಟೇ ಲೋಹದ ಟೊಪ್ಪಿಗೆ. ಹಳೆಯ ಹಿತ್ತಾಳೆಯಿಂದ ಬರುವ ಗುರಿ ಇಲ್ಲಿ ಎಲ್ಲಿಂದ ಬರಬೇಕು?

ಕೇಪಿನ ಬಂದೂಕಿಗೆ ಪ್ರತಿ ಈಡನ್ನೂ ಕೈಯಿಂದಲೇ ತುಂಬುತ್ತಾರಲ್ಲ ಎಂದು ಕೇಳಬಹುದು. ಹೌದು, ಆದರೆ ಅದು ಮಸಿಮದ್ದಿಗೆಂದೇ ಮಾಡಿದ ನಳಿಗೆ. ಹಿರಿಯರು ಗಜ ಎಷ್ಟು ಬೆರಳು ಹೊರಗೆ ನಿಂತಿತು ಎಂದು ನೋಡಿ ಅಳತೆ ಹಿಡಿಯುತ್ತಿದ್ದುದು ಆ ಮದ್ದಿಗೆ ಮಾತ್ರ. ತೋಟಾ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಅದೇ ಅಳತೆಯಲ್ಲಿ ಸುರಿದರೆ ನಳಿಗೆಯೇ ಸೀಳಬಹುದು. ಎಡಗೈ ಬೆರಳು, ಕಣ್ಣು ಹೋಗುವುದು ಹೀಗೆಯೇ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಮದ್ದುಗುಂಡು ತಯಾರಿಸಲು ಬೇರೆಯೇ ಪರವಾನಗಿ ಬೇಕು, ಬಂದೂಕಿನ ಲೈಸೆನ್ಸ್ ಸಾಲದು. 2019ರ ತಿದ್ದುಪಡಿ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಹೊಲದ ಹಂದಿಗೆ ಮಾಡಿದ್ದು ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯಲು ಒಪ್ಪಿಗೆ ಸಿಕ್ಕಂತೆಯೂ ಅಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅದಕ್ಕೆ ಅರಣ್ಯ ಇಲಾಖೆಯ ಆದೇಶ ಬೇಕು. ಕೊಡಗಿನ ಉದಾಹರಣೆ ಕೊಡುವವರೂ ಇದ್ದಾರೆ. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದ ಆ ರಿಯಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಹಾನಗಲ್ ತಾಲೂಕಿಗಲ್ಲ.

ಹಾಗಂತ ಹುಡುಗನನ್ನಷ್ಟೇ ಬೈದು ನಾವು ಸುಮ್ಮನಾಗುವುದಿಲ್ಲ. ಲೈಸೆನ್ಸ್ ನವೀಕರಣಕ್ಕೆ ರೈತ ಎಷ್ಟು ಸಲ ಅಲೆಯಬೇಕು? ಬೆಳೆ ಹಾನಿ ಪರಿಹಾರದ ಅರ್ಜಿ ಎಷ್ಟು ದಿನ ಕೊಳೆಯಬೇಕು? ನೇರ ದಾರಿ ಇಷ್ಟು ಉದ್ದವಾದಾಗಲೇ ಮೊಬೈಲ್‌ನ ಅಡ್ಡದಾರಿ ಚಂದ ಕಾಣುವುದು. ತೆನೆ ಕಟ್ಟುವ ಮೊದಲೇ ಕಂದಾಯ, ಪೊಲೀಸ್, ಅರಣ್ಯ ಇಲಾಖೆಯವರು ತಿಳವಳ್ಳಿಯಲ್ಲೇ ಒಂದು ದಿನ ಕೂತು ನವೀಕರಣ, ಪರಿಹಾರ ಎರಡರ ಅರ್ಜಿಯನ್ನೂ ತೆಗೆದುಕೊಳ್ಳಲಿ. ಹಂದಿ ಹೊಡೆಯಲು ಯಾರಿಗೆ, ಯಾವಾಗ ಒಪ್ಪಿಗೆ ಇದೆ ಎಂಬುದನ್ನು ಕನ್ನಡದಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಲಿ.