ಸಿಡಿದದ್ದು ಕಲ್ಲಷ್ಟೇ ಅಲ್ಲ

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನ ಕಲ್ಲು ಕ್ರಷರ್ ಬಳಿ ಸ್ಫೋಟಕ ಸಿಡಿದಾಗ ಚಿಕ್ಕಮಗಳೂರು ಜಿಲ್ಲೆಯವರೆಗೂ ನೆಲ ನಡುಗಿತು. ಜನ ಭೂಕಂಪವೆಂದೇ ಬಗೆದರು. ಕನಿಷ್ಠ ಐವರು ಸತ್ತರು. ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಮತ್ತೆ ಆರು ಜೀವಗಳು ಹೋದವು.

ಇವನ್ನು ಆಕಸ್ಮಿಕವೆನ್ನುವುದು ಆತ್ಮವಂಚನೆ. ಕಾನೂನಿಗೆ ಕೊರತೆಯಿರಲಿಲ್ಲ. ಆಗ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆ, 6 ಮೀಟರ್ ಆಳ ಮತ್ತು 50 ಕಾರ್ಮಿಕರ ಮಿತಿಯೊಳಗಿನ ಕಿರುಕ್ವಾರಿಗಳಿಗೆ ಬಹುತೇಕ ನಿಯಮಗಳಿಂದ ವಿನಾಯಿತಿ ನೀಡಿತ್ತು. ಸ್ಫೋಟಕ ಬಳಸಿದೊಡನೆ ಆ ವಿನಾಯಿತಿ ಇಲ್ಲವಾಗುತ್ತಿತ್ತು. ಎಂದರೆ, ಗುಡ್ಡದಲ್ಲಿ ಸಿಡಿಮದ್ದಿನ ಸದ್ದು ಕೇಳಿದ ಕ್ಷಣವೇ ಕಾನೂನಿನ ಹೊಣೆ ಹುಟ್ಟುತ್ತಿತ್ತು. ಊರಿಗೆಲ್ಲ ಕೇಳುವ ಆ ಸದ್ದು ಕಚೇರಿಗಳಿಗೆ ಮಾತ್ರ ಕೇಳುವುದಿಲ್ಲವೇಕೆ?

ಕಲ್ಲಿನ ದೂಳು ಸದ್ದಿಲ್ಲದೆಯೂ ಕೊಲ್ಲುತ್ತದೆ. ಅದು ತರುವ ಸಿಲಿಕೋಸಿಸ್ ವಾಸಿಯಾಗದ ರೋಗ. ನೀರು ಹಾಯಿಸಿ ಕೊರೆದರೆ ದೂಳು ತಗ್ಗುತ್ತದೆ. ಆ ನೀರಿನ ಖರ್ಚನ್ನು ಉಳಿಸಿದರೆ ಬೆಲೆ ತೆರುವುದು ಕೂಲಿಯವನ ಎದೆಗೂಡು.

2025ರ ನವೆಂಬರ್ 21ರಂದು ಹಳೆಯ ಕಾಯ್ದೆಯ ಸ್ಥಾನಕ್ಕೆ ಹೊಸ ಸಂಹಿತೆ ಬಂದಿದೆ. ಹೆಸರು ಬದಲಾದ ಮಾತ್ರಕ್ಕೆ ಜೀವ ಉಳಿಯದು. ಹಾಜರಿ ಪುಸ್ತಕ, ಸ್ಫೋಟಕದ ಲೆಕ್ಕ, ತಪಾಸಣಾ ವರದಿ ಇವೆಲ್ಲ ಗ್ರಾಮಸಭೆಯ ಮುಂದೆ ಬರಲಿ. ಕಾರ್ಮಿಕನನ್ನು ಕಾಯದ ಕ್ವಾರಿ ಬೆಟ್ಟವನ್ನೂ ಕಾಯದು.